ಎಲ್ಲದಕ್ಕೂ 'ಆಗಲ್ಲ' ಅನ್ನುವ ಮಗು: ಒಡಿಡಿ ಅಂದರೇನು, ಮನೆಯವರು ಏನು ಮಾಡಬಹುದು?

ಕುವೆಂಪುನಗರದ ಅಮ್ಮ

ನಮಸ್ಕಾರ ಎಲ್ಲರಿಗೂ. ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಶಾಲೆಯವರು ಹೇಳಿದರು ಅಂತ ಮಕ್ಕಳ ಮನೋವೈದ್ಯರಿಗೆ ತೋರಿಸಿದೆವು. 'ಆಪೊಸಿಷನಲ್ ಡಿಫಯಂಟ್ ಡಿಸಾರ್ಡರ್ (ಒಡಿಡಿ), ಅಂದರೆ ಎದುರು ಬೀಳುವ ತೊಂದರೆ ಇದ್ದ ಹಾಗಿದೆ, ಜೊತೆಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ ಇದೆಯಾ ಅಂತಲೂ ನೋಡಬೇಕು' ಅಂದರು. ಮಾತ್ರೆ ಏನೂ ಬರೆಯಲಿಲ್ಲ. ಅಪ್ಪ ಅಮ್ಮ ಇಬ್ಬರೂ ತರಬೇತಿಗೆ ಬರಬೇಕು ಅಂದರು.

ನಮ್ಮ ಯಜಮಾನರಿಗೆ ಅಲ್ಲೇ ಸಿಟ್ಟು ಬಂತು. 'ಹಟ ಮಾಡೋದು ಅವನು, ಪಾಠ ನಮಗಾ?' ಅಂತ. ಅತ್ತೆ ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಾರೆ.

ಹಟ ಎಲ್ಲ ಮಕ್ಕಳೂ ಮಾಡುತ್ತವೆ, ಗೊತ್ತು. ಇವನದು ಬೇರೆ ಥರ. ಸ್ನಾನಕ್ಕೆ ಹೋಗು ಅಂದರೆ ಜಗಳ, ಬಚ್ಚಲಿಂದ ಹೊರಗೆ ಬಾ ಅಂದರೂ ಜಗಳ. ತಂಗಿಯ ಡ್ರಾಯಿಂಗ್ ಪುಸ್ತಕ ಹರಿದು ಹಾಕುತ್ತಾನೆ, ಕೇಳಿದರೆ 'ಅವಳು ಅಲ್ಲಿ ಇಟ್ಟಿದ್ದೇ ತಪ್ಪು' ಅನ್ನುತ್ತಾನೆ. ಹೋದ ವರ್ಷದ ಯಾವುದೋ ಮಾತು ನೆನಪಿಟ್ಟುಕೊಂಡು ಈಗ ಸೇಡು ತೀರಿಸಿಕೊಳ್ಳುತ್ತಾನೆ. ಆದರೆ ಪಕ್ಕದ ಮನೆ ಆಂಟಿ ಹತ್ತಿರ ತುಂಬಾ ಒಳ್ಳೆಯ ಹುಡುಗ. ಅವರಿಗೆ ನಾನು ಹೇಳಿದ್ದು ನಂಬಲಿಕ್ಕೇ ಆಗುವುದಿಲ್ಲ.

ಇದು ನಿಜವಾಗಿ ಕಾಯಿಲೆಯಾ? ಮುಂದೆ ರೌಡಿ ಆಗಿಬಿಡುತ್ತಾನಾ? ಇಂಥ ಮಕ್ಕಳನ್ನು ಬೆಳೆಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಾಸನದ ಹಳಬ

ತಂಗೀ, ಬೇಜಾರು ಮಾಡಿಕೊಳ್ಳಬೇಡಮ್ಮ. ನಮ್ಮ ಕಾಲದಲ್ಲಿ ಇಂಥ ಹೆಸರೆಲ್ಲ ಇರಲಿಲ್ಲ. ಎದುರು ಮಾತಾಡಿದರೆ ಅಪ್ಪ ಬೆಲ್ಟು ಬಿಚ್ಚುತ್ತಿದ್ದರು, ಮುಗೀತು. ಈಗ ಹಟಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರು, ಅದಕ್ಕೊಬ್ಬ ಡಾಕ್ಟರು, ಅದಕ್ಕೊಂದು ಫೀಸು. ಎರಡು ಬಾರಿಸಿ, ಇಲ್ಲ ಅಂದರೆ ಒಳ್ಳೆ ಹಾಸ್ಟೆಲಿಗೆ ಹಾಕಿ. ತಾನೇ ದಾರಿಗೆ ಬರುತ್ತಾನೆ.

ಕುಂದಾಪ್ರದ ಪೈಕಿ

ಹಳಬರೇ, ನಿಮ್ಮ ಕಾಲದಲ್ಲೂ ಇಂಥ ಹುಡುಗರು ಇದ್ದರು. ನಮ್ಮ ಕಡೆ ಅವರು ಬೊಂಬಾಯಿ ಹೋಟೆಲಿಗೆ ಓಡಿಹೋಗುತ್ತಿದ್ದರು. ಏಳನೇ ಕ್ಲಾಸಲ್ಲಿ ಮೇಷ್ಟರಿಗೆ ಕಲ್ಲು ಹೊಡೆದು ರಾತ್ರೋರಾತ್ರಿ ಬಸ್ಸು ಹತ್ತಿದ ಚಿಕ್ಕಪ್ಪ ನಮ್ಮ ಮನೆಯಲ್ಲೇ ಇದ್ದಾರೆ. ಬೆಲ್ಟಿನ ಏಟು ಅವರಿಗೂ ಬೇಕಾದಷ್ಟು ಬಿದ್ದಿತ್ತು. ಕೆಲವರು ಅಲ್ಲಿ ಹೋಟೆಲು ಮಾಲೀಕರಾದರು, ಅವರ ಕಥೆ ಎಲ್ಲರೂ ಹೇಳುತ್ತಾರೆ. ಪತ್ತೆಯೇ ಇಲ್ಲದೆ ಹೋದವರ ಕಥೆ ಯಾರೂ ಹೇಳುವುದಿಲ್ಲ.

ಸಾಧನಕೇರಿ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಮಕ್ಕಳ ಜೊತೆಯೇ ನನ್ನ ಕೆಲಸ. ನಿಮ್ಮ ಮಗನನ್ನು ನೋಡದೆ ಅವನಿಗೆ ಏನಿದೆ ಅಂತ ಹೇಳಲಾರೆ. ಒಡಿಡಿ ಬಗ್ಗೆ ಗೊತ್ತಿರುವುದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಹಟ ಕಾಯಿಲೆ ಅಲ್ಲ. ಎರಡು ಮೂರು ವರ್ಷದ ಮಗು ನೆಲದ ಮೇಲೆ ಉರುಳಾಡಿ ಅಳುವುದು, ಹದಿನಾಲ್ಕರ ಹುಡುಗಿ ಬಾಗಿಲು ದಬಾರನೆ ಹಾಕಿಕೊಳ್ಳುವುದು, ಎರಡೂ ಬೆಳವಣಿಗೆಯ ಭಾಗ. ನಾವು ನೋಡುವುದು ಎಷ್ಟು ಸಲ, ಎಷ್ಟು ತಿಂಗಳಿಂದ, ಅದರಿಂದ ಏನೇನು ಕೆಡುತ್ತಿದೆ ಅನ್ನುವುದನ್ನು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನಲ್ಲಿ ಇದು 1980ರಲ್ಲಿ ಸೇರಿತು. ಈಗ ಬಳಕೆಯಲ್ಲಿರುವ ಐದನೇ ಆವೃತ್ತಿ 2013ರದು. ಅದರಲ್ಲಿ ಎಂಟು ಲಕ್ಷಣಗಳಿವೆ. ಮೂರು ಸಿಟ್ಟಿನವು: ಬೇಗ ರೇಗುವುದು, ಸಣ್ಣದಕ್ಕೂ ಮುನಿಯುವುದು, ಒಳಗೊಳಗೇ ಕುದಿಯುವುದು. ನಾಲ್ಕು ಎದುರು ಬೀಳುವಂಥವು: ದೊಡ್ಡವರ ಜೊತೆ ವಾದ, ಹೇಳಿದ್ದನ್ನು ಬೇಕಂತಲೇ ಮಾಡದಿರುವುದು, ಬೇಕಂತಲೇ ಕೆಣಕುವುದು, ತನ್ನ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವುದು. ಕೊನೆಯದು ಹಗೆ ಸಾಧಿಸುವುದು. ಇವುಗಳಲ್ಲಿ ನಾಲ್ಕಾದರೂ ಆರು ತಿಂಗಳಿಂದ ಇರಬೇಕು. ಐದು ವರ್ಷ ದಾಟಿದ ಮಗುವಿನಲ್ಲಿ ವಾರಕ್ಕೊಮ್ಮೆಯಾದರೂ ಕಾಣಬೇಕು, ಅದಕ್ಕಿಂತ ಚಿಕ್ಕದಾದರೆ ಹೆಚ್ಚುಕಮ್ಮಿ ದಿನಾ. ಬರೀ ಅಣ್ಣ ತಮ್ಮ ಅಕ್ಕ ತಂಗಿಯರ ಜೊತೆ ಜಗಳವಾದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಎಲ್ಲ ಮನೆಯಲ್ಲೂ ಇದ್ದದ್ದೇ, ಅಲ್ವಾ?

ಇದು ಅಪರೂಪವೂ ಅಲ್ಲ. ಬೇರೆ ಬೇರೆ ಕಡೆಯ ಲೆಕ್ಕ ಸೇರಿಸಿ ಡಿಎಸ್‌ಎಂ ಕೊಡುವ ಸರಾಸರಿ, ಮಕ್ಕಳಲ್ಲಿ ಶೇ 3.3.

ಪಕ್ಕದ ಮನೆ ಆಂಟಿ ವಿಷಯ ಎಲ್ಲ ಅಮ್ಮಂದಿರೂ ಹೇಳುತ್ತಾರೆ. ಈ ತೊಂದರೆ ಮನೆಯಲ್ಲಿ ಮಾತ್ರ ಕಾಣುವುದು ತೀರಾ ಸಾಮಾನ್ಯ. ಚೆನ್ನಾಗಿ ಪರಿಚಯ ಇರುವವರ ಹತ್ತಿರವೇ ಅದು ಜಾಸ್ತಿ. ನನ್ನ ಕೋಣೆಯಲ್ಲೂ ಎಷ್ಟೋ ಮಕ್ಕಳು ಕೈಕಟ್ಟಿ ಕೂರುತ್ತವೆ. ಅದನ್ನು ನೋಡಿ 'ಏನೂ ಇಲ್ಲ, ಅಮ್ಮನದೇ ಅತಿ' ಅಂತ ತೀರ್ಮಾನಿಸುವವರಿದ್ದಾರೆ. ಅದು ಅನ್ಯಾಯ.

ರೌಡಿ ಆಗುತ್ತಾನಾ ಅಂತ ಕೇಳಿದಿರಿ. ಕಳ್ಳತನ, ಪ್ರಾಣಿಗಳಿಗೆ ಹಿಂಸೆ, ಬೆಂಕಿ ಹಚ್ಚುವುದು, ಆಯುಧ ಹಿಡಿದು ಹೊಡೆಯುವುದು, ಇವೆಲ್ಲ ಕಂಡಕ್ಟ್ ಡಿಸಾರ್ಡರ್ ಅನ್ನುವ ಬೇರೆ ತೊಂದರೆಯ ಲಕ್ಷಣ. ಒಡಿಡಿ ಇರುವ ಹೆಚ್ಚಿನ ಮಕ್ಕಳು ಅಲ್ಲಿಗೆ ಹೋಗುವುದಿಲ್ಲ. ಸಿಟ್ಟು, ಕಿರಿಕಿರಿ ಜಾಸ್ತಿ ಇರುವ ಮಕ್ಕಳಿಗೆ ಮುಂದೆ ಆತಂಕ, ಖಿನ್ನತೆ ಬರುವ ಸಂಭವ ಹೆಚ್ಚು. ಜನ ಭಯಪಡುವುದು ರೌಡಿತನಕ್ಕೆ. ಈ ಮಕ್ಕಳು ಒಳಗೆ ಕುಸಿದು ಹೋಗುವುದನ್ನು ಯಾರೂ ಗಮನಿಸುವುದಿಲ್ಲ.

ಇನ್ನು 'ಪಾಠ ನಮಗಾ?' ಅನ್ನುವ ಪ್ರಶ್ನೆ. ಯಜಮಾನರು ಕೇಳಿದ್ದರಲ್ಲಿ ತಪ್ಪಿಲ್ಲ. ಅದಕ್ಕೆ ಉತ್ತರ ಹೇಳುವ ಮೊದಲು ಒಂದು ಕೇಳಲಾ? ಈ ವಾರ ಮನೆಯಲ್ಲಿ ಆದ ಒಂದು ಜಗಳವನ್ನು ಹೇಗೆ ನಡೆಯಿತೋ ಹಾಗೇ ಬರೆಯಿರಿ. ಯಾರು ಏನಂದರು, ಆಮೇಲೆ ಯಾರು ಏನಂದರು, ಅಷ್ಟೇ.

ಕುವೆಂಪುನಗರದ ಅಮ್ಮ

ಮೇಡಂ, ತುಂಬಾ ಥ್ಯಾಂಕ್ಸ್. ನಿನ್ನೆಯದೇ ಬರೆಯುತ್ತೇನೆ.

ಸಂಜೆ ಟಿವಿ ನೋಡುತ್ತಿದ್ದ. ಒಳಗೆ ಒಗ್ಗರಣೆ ಹಾಕುತ್ತಾ 'ಟಿವಿ ಆಫ್ ಮಾಡಿ ಹೋಂವರ್ಕ್‌ಗೆ ಕೂತ್ಕೋತೀಯಾ?' ಅಂದೆ. ಕೇಳಿಸಲೇ ಇಲ್ಲ ಅನ್ನುವ ಹಾಗೆ ಕೂತಿದ್ದ. ಮತ್ತೆ ಹೇಳಿದೆ, 'ಐದು ನಿಮಿಷ' ಅಂದ. ಹೊರಗೆ ಬಂದು 'ಎಷ್ಟು ಸಲ ಬಡ್ಕೋಬೇಕು ನಿನಗೆ?' ಅಂದೆ. 'ನೀನು ಯಾವಾಗ್ಲೂ ಹಿಂಗೇ' ಅಂತ ಶುರು ಮಾಡಿದ. ನಾನು ಕಿರುಚಿದೆ, ಅವನೂ ಕಿರುಚಿದ. ರಿಮೋಟ್ ಎಸೆದ, ಅದರ ಸೆಲ್ ಸೋಫಾ ಕೆಳಗೆ ಹೋಯಿತು. ತಂಗಿ ಅಳಲಿಕ್ಕೆ ಶುರು. ಅತ್ತೆ ಬಂದು 'ಹೋಗ್ಲಿ ಬಿಡೇ, ದೀಪ ಹಚ್ಚೋ ಹೊತ್ತಲ್ಲಿ ಏನಿದು ರಂಪ, ಈ ಒಂದು ಕಾರ್ಟೂನ್ ನೋಡ್ಕೊಳ್ಳಲಿ' ಅಂದರು. ನನಗೂ ಸಾಕಾಗಿತ್ತು, ಒಳಗೆ ಹೋದೆ. ಅವನು ಪೂರ್ತಿ ನೋಡಿದ. ರಾತ್ರಿ ಅವರಪ್ಪ ಬಂದು ಒಂದು ಬಿಟ್ಟರು. ಅಳುತ್ತಾ ಹೋಂವರ್ಕ್ ಮಾಡಿದ.

ಸಾಧನಕೇರಿ

ಇಷ್ಟು ಚೆನ್ನಾಗಿ ಬರೆದಿದ್ದೀರಿ ಅಂದರೆ ನನ್ನ ಅರ್ಧ ಕೆಲಸ ಆಯಿತು.

ಈಗ ಇದನ್ನು ಹುಡುಗನ ಕಡೆಯಿಂದ ನೋಡಿ. ಮೊದಲ ಸಲ ಹೇಳಿದ್ದಕ್ಕೆ ಏನೂ ಆಗುವುದಿಲ್ಲ ಅಂತ ಅವನಿಗೆ ಗೊತ್ತು. ಎರಡನೇ ಸಲವೂ ಅಷ್ಟೇ. ಜೋರಾಗಿ ಕಿರುಚಿ ರಿಮೋಟ್ ಎಸೆದ ಮೇಲೆ ಕಾರ್ಟೂನ್ ಸಿಕ್ಕಿತು. ನಾಳೆ ಅವನು ಏನು ಮಾಡುತ್ತಾನೆ?

ನಿಮ್ಮ ಕಡೆಯಿಂದಲೂ ನೋಡಿ. ಮೆತ್ತಗೆ ಹೇಳಿದರೆ ಕೇಳಲಿಲ್ಲ, ಬಿಟ್ಟುಕೊಟ್ಟಾಗ ಮನೆ ಶಾಂತವಾಯಿತು. ಅಪ್ಪನ ಕಡೆಯಿಂದ ನೋಡಿದರೆ, ಹೊಡೆದಾಗ ಕೆಲಸ ಆಯಿತು. ನಾಳೆ ನೀವು ಇನ್ನೂ ಬೇಗ ಸೋಲುತ್ತೀರಿ, ಅವರು ಇನ್ನೂ ಬೇಗ ಕೈ ಎತ್ತುತ್ತಾರೆ. ಮೂರೂ ಜನ ಒಬ್ಬರಿಗೊಬ್ಬರು ಪಾಠ ಕಲಿಸುತ್ತಿದ್ದೀರಿ, ಯಾರಿಗೂ ಅದು ಗೊತ್ತಿಲ್ಲ. ಅಮೆರಿಕದ ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಅನ್ನುವ ಮನಶ್ಶಾಸ್ತ್ರಜ್ಞ ತನ್ನ ತಂಡವನ್ನು ಮನೆಗಳಿಗೇ ಕಳಿಸಿ, ಇಂಥ ಜಗಳಗಳಲ್ಲಿ ಯಾರ ನಂತರ ಯಾರು ಏನು ಮಾಡುತ್ತಾರೆ ಅಂತ ಒಂದೊಂದಾಗಿ ಬರೆಸಿದ. ಹೀಗೆ ಒಬ್ಬರು ಇನ್ನೊಬ್ಬರನ್ನು ಬಲವಂತದಿಂದ ಬಗ್ಗಿಸುವ ಸುತ್ತನ್ನು 1982ರಲ್ಲಿ ವಿವರವಾಗಿ ಬರೆದ. ಇವತ್ತಿನ ಪೋಷಕರ ತರಬೇತಿಯ ಬೇರು ಬಹುಪಾಲು ಅಲ್ಲಿದೆ.

ಹಾಗಂತ ಇದೆಲ್ಲ ನಿಮ್ಮಿಂದ ಆಯಿತು ಅಂತ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಕೆಲವು ಮಕ್ಕಳು ಹುಟ್ಟಿನಿಂದಲೇ ಬೇಗ ಕೆರಳುತ್ತವೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವುದು ಅವಕ್ಕೆ ಕಷ್ಟ. ನಿಮ್ಮ ಮಗಳು ಇದೇ ಮನೆಯಲ್ಲಿ ಬೆಳೆಯುತ್ತಿದ್ದಾಳೆ, ಅವಳಿಗೆ ಈ ತೊಂದರೆ ಇಲ್ಲ. ಸಾಮಾನ್ಯ ಮಗುವಿಗೆ ಸಾಕಾಗುವ ರೀತಿ ಈ ಮಗುವಿಗೆ ಸಾಲುವುದಿಲ್ಲ. ಮತ್ತೆ, ನಮ್ಮಂಥವರು ಅವನ ಜೊತೆ ಇರುವುದು ವಾರಕ್ಕೆ ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ಅವನು ನಿಮ್ಮ ಜೊತೆ ಇರುತ್ತಾನೆ. ಅದಕ್ಕೇ ತರಬೇತಿ ನಿಮಗೆ. ಸುತ್ತಿನಲ್ಲಿ ಇರುವವರಲ್ಲಿ ಮೊದಲು ಬದಲಾಗಬಲ್ಲವರು ದೊಡ್ಡವರು. ಒಂಬತ್ತು ವರ್ಷದವನನ್ನು ಮೊದಲು ನೀನು ಬದಲಾಗು ಅನ್ನಲಿಕ್ಕೆ ಬರುವುದಿಲ್ಲ.

ನಾಳೆಯಿಂದಲೇ ಮಾಡಬಹುದಾದ ಒಂದು ಸಣ್ಣ ಕೆಲಸ ಹೇಳುತ್ತೇನೆ. 'ಆಫ್ ಮಾಡ್ತೀಯಾ?' ಅಂದರೆ ಅದು ಪ್ರಶ್ನೆ. ಪ್ರಶ್ನೆಗೆ 'ಇಲ್ಲ' ಅನ್ನುವ ಉತ್ತರವೂ ಇದೆ. ಅಡುಗೆಮನೆಯಿಂದ ಕೂಗಬೇಡಿ. ಗ್ಯಾಸ್ ಸಣ್ಣ ಮಾಡಿ, ಅವನ ಹತ್ತಿರ ಹೋಗಿ, ಮುಖ ನೋಡಿ, 'ಈ ಕಾರ್ಟೂನ್ ಮುಗಿದ ಮೇಲೆ ಟಿವಿ ಆಫ್ ಮಾಡು' ಅಂತ ಒಂದೇ ಸಲ ಹೇಳಿ. ಆಮೇಲೆ ಸುಮ್ನೆ ಅಲ್ಲೇ ನಿಂತಿರಿ. ಮಾಡಿದರೆ ತಕ್ಷಣ ಒಂದು ಒಳ್ಳೆ ಮಾತು. ಮಾಡದಿದ್ದರೆ ಏನಾಗುತ್ತದೆ ಅನ್ನುವುದು ಅವನಿಗೆ ಮೊದಲೇ ಗೊತ್ತಿರಬೇಕು: ನಾಳೆ ಟಿವಿ ಇಲ್ಲ. ಒಂದು ವಾರ ಇಲ್ಲ, ಒಂದು ತಿಂಗಳು ಇಲ್ಲ ಅಂತೆಲ್ಲ ಸಿಟ್ಟಿನಲ್ಲಿ ಹೇಳಬೇಡಿ. ಅದನ್ನು ನಡೆಸಲಿಕ್ಕೆ ನಿಮಗೇ ಆಗುವುದಿಲ್ಲ.

ಅತ್ತೆಯವರನ್ನೂ ತರಬೇತಿಗೆ ಕರೆದುಕೊಂಡು ಹೋಗಿ. ದೃಷ್ಟಿ ತೆಗೆಯುವುದು ಬೇಡ ಅಂತ ನಾನು ಹೇಳುವುದಿಲ್ಲ, ಅದರಿಂದ ಅವರಿಗೆ ಸಮಾಧಾನ. ಆದರೆ ಮೆಣಸಿನಕಾಯಿ ಹೊಗೆ ಹಾಕಿ ಹೆದರಿಸುವುದು, ಯಾರದೋ ಹತ್ತಿರ ಹೊಡೆಸಿ 'ಬಿಡಿಸುವುದು', ಇವು ಖಂಡಿತ ಬೇಡ.

ಹಾಸನದ ಹಳಬ

ಮೇಡಂ, ಅಪ್ಪ ಒಂದು ಬಿಟ್ಟ ಮೇಲೆ ಹೋಂವರ್ಕ್ ಆಯಿತು ಅಂತ ಅವರೇ ಬರೆದಿದ್ದಾರಲ್ಲ. ಅದಕ್ಕೇನು ಹೇಳುತ್ತೀರಿ?

ಸಾಧನಕೇರಿ

ಆ ರಾತ್ರಿಯ ಹೋಂವರ್ಕ್ ಆಯಿತು ಸರ್. ಮಾರನೇ ಸಂಜೆ ಟಿವಿ ಮುಂದೆ ಏನಾಯಿತು ಅಂತ ಅವರನ್ನೇ ಕೇಳಿ. ಏಟು ಕೆಲಸ ಮಾಡುವ ಹಾಗಿದ್ದರೆ ಅದನ್ನು ಮತ್ತೆ ಮತ್ತೆ ಕೊಡಬೇಕಾಗುತ್ತಿರಲಿಲ್ಲ. ಸಿಟ್ಟು ಬಂದಾಗ ದೊಡ್ಡವರು ಕೈ ಮಾಡುತ್ತಾರೆ ಅಂತ ಆ ಹುಡುಗ ಕಲಿಯುತ್ತಾನೆ. ಅದನ್ನು ತಂಗಿಯ ಮೇಲೆ ಪ್ರಯೋಗ ಮಾಡುತ್ತಾನೆ. ಹಾಸ್ಟೆಲೂ ಅಷ್ಟೇ. ಅಲ್ಲಿ ವಾರ್ಡನ್ ಹೆದರಿಕೆಗೆ ಸುಮ್ಮನಿರಬಹುದು, ರಜೆಗೆ ಬಂದಾಗ ಅದೇ ಮನೆ, ಅದೇ ಸುತ್ತು. ಜೊತೆಗೆ 'ನನ್ನನ್ನು ಹೊರಗೆ ಹಾಕಿದರು' ಅನ್ನುವ ಕಿಚ್ಚು ಬೇರೆ.

ಶಿವಮೊಗ್ಗದ ಅಪ್ಪ

ನಮ್ಮ ದೊಡ್ಡ ಮಗನಿಗೂ ಇದೇ ಹೇಳಿದ್ದರು, ಆಗ ಅವನಿಗೆ ಆರು ವರ್ಷ. ಆ ತರಬೇತಿಯಲ್ಲಿ ಏನು ಮಾಡಿಸುತ್ತಾರೆ ಅಂತ ಹೇಳಿದರೆ ಕುವೆಂಪುನಗರದ ಮೇಡಂ ಮನೆಯವರಿಗೂ ಉಪಯೋಗ ಆಗಬಹುದು.

ಮೊದಲು ಶಿಸ್ತಿನ ಮಾತೇ ಇಲ್ಲ. ದಿನಾ ಐದು ನಿಮಿಷ ಮಗುವಿನ ಜೊತೆ ನೆಲದ ಮೇಲೆ ಕೂತು ಆಡಬೇಕು. ಆಟ ಅವನದು, ಲೀಡರ್ ಅವನು. ನಿಯಮ ಮೂರೇ: ಪ್ರಶ್ನೆ ಕೇಳಬಾರದು, ಅಪ್ಪಣೆ ಕೊಡಬಾರದು, ತಪ್ಪು ತೋರಿಸಬಾರದು. ಎಷ್ಟು ಸುಲಭ ಅನ್ನಿಸುತ್ತದೆ! ಕೂತ ತಕ್ಷಣ ನನ್ನ ಬಾಯಿಂದ ಬರುತ್ತಿದ್ದದ್ದು 'ಇದು ಯಾವ ಬಣ್ಣ? ಇದಕ್ಕೆ ಎಷ್ಟು ಚಕ್ರ? ಹಂಗಲ್ಲ ಕಣೋ, ಹಿಂಗೆ ಇಡು.' ನಮ್ಮ ಮನೆಗಳಲ್ಲಿ ಮಗುವಿನ ಜೊತೆ ಮಾತಾಡುವುದು ಅಂದರೆ ಪರೀಕ್ಷೆ ಮಾಡುವುದು ಅಂತಲೇ ಆಗಿಬಿಟ್ಟಿದೆ. ಅವನು ಮಾಡುತ್ತಿರುವುದನ್ನು ಸುಮ್ನೆ ಹೇಳುತ್ತಾ ಹೋಗಬೇಕು: 'ನೀಲಿ ಕಾರನ್ನು ಸೇತುವೆ ಕೆಳಗೆ ತಗೊಂಡು ಹೋಗ್ತಿದೀಯ.' ಮೊದಲ ದಿನ ನನ್ನ ಹೆಂಡತಿ ಬಾಗಿಲ ಹತ್ತಿರ ನಿಂತು ನಕ್ಕಿದ್ದೇ ನಕ್ಕಿದ್ದು, ಕ್ರಿಕೆಟ್ ಕಾಮೆಂಟರಿ ಥರ ಇದೆ ಅಂತ. ಆದರೆ ಹುಡುಗ ಸಂಜೆ ಆದರೆ ಕಾಯಲಿಕ್ಕೆ ಶುರು ಮಾಡಿದ.

ಇನ್ನೊಂದು, ಹೊಗಳುವುದು. ಬರೀ 'ಗುಡ್ ಬಾಯ್' ಅಂದರೆ ಲೆಕ್ಕಕ್ಕಿಲ್ಲ. 'ಕರೆದ ತಕ್ಷಣ ಊಟಕ್ಕೆ ಬಂದೆ, ಖುಷಿಯಾಯ್ತು' ಅಂತ ಏನು ಮಾಡಿದ ಅನ್ನುವುದನ್ನು ಹೇಳಬೇಕು. ಅದಕ್ಕೆ ಬಾಲ ಸೇರಿಸಬಾರದು. 'ದಿನಾ ಹಿಂಗೇ ಇರಬಾರದಾ?' ಅಂದಿರೋ, ಹೊಗಳಿಕೆ ಅಲ್ಲೇ ಬೈಗುಳ ಆಯಿತು. ನಮ್ಮ ಸೈಕಾಲಜಿಸ್ಟ್ ಈ ಬಾಲ ಕತ್ತರಿಸಲಿಕ್ಕೇ ತುಂಬಾ ಕಷ್ಟಪಟ್ಟರು.

ಎಚ್ಚರಿಕೆ: ನಿಯಮ ಶುರು ಮಾಡಿದ ಹೊಸತರಲ್ಲಿ ಹಟ ಕಡಿಮೆ ಆಗುವುದಿಲ್ಲ, ಜಾಸ್ತಿಯಾಗುತ್ತದೆ. ಲಿಫ್ಟ್ ಬರದಿದ್ದರೆ ಬಟನ್ನನ್ನು ಇನ್ನೂ ಜೋರಾಗಿ ಒತ್ತುತ್ತೇವಲ್ಲ, ಹಾಗೆ. ಮೊದಲು ಕಿರುಚಿದರೆ ಸಿಗುತ್ತಿದ್ದದ್ದು ಈಗ ಸಿಗುತ್ತಿಲ್ಲ, ಹಾಗಾಗಿ ಇನ್ನೂ ಜೋರಾಗಿ ಕಿರುಚುತ್ತಾನೆ. ಅಲ್ಲಿ ಬಿಟ್ಟುಕೊಟ್ಟರೆ ಮೊದಲಿಗಿಂತ ಕಷ್ಟ. ಇದನ್ನು ಅಜ್ಜ ಅಜ್ಜಿಗೆ ಮೊದಲೇ ಹೇಳಿಟ್ಟಿರಿ.

ಸಾಧನಕೇರಿ

ಶಿವಮೊಗ್ಗದವರು ಹೇಳಿದ್ದು ಪಿಸಿಐಟಿ, ಅಂದರೆ ಪೋಷಕರು ಮತ್ತು ಮಗುವಿನ ಒಡನಾಟದ ಚಿಕಿತ್ಸೆಯ ಮಾದರಿ. ಫ್ಲೋರಿಡಾದ ಶೀಲಾ ಐಬರ್ಗ್ ರೂಪಿಸಿದ್ದು, ಎರಡರಿಂದ ಏಳು ವರ್ಷದ ಮಕ್ಕಳಿಗೆ. ಮೂಲ ವಿಧಾನದಲ್ಲಿ ತರಬೇತಿ ಕೊಡುವವರು ಕನ್ನಡಿ ಗೋಡೆಯ ಆ ಕಡೆ ಕೂತು, ಅಮ್ಮನ ಕಿವಿಯಲ್ಲಿರುವ ಸಣ್ಣ ಸ್ಪೀಕರಿಗೆ ಆಗಾಗಲೇ ಹೇಳಿಕೊಡುತ್ತಾರೆ. ನಮ್ಮಲ್ಲಿ ಎಲ್ಲ ಕಡೆ ಆ ಸೌಕರ್ಯ ಇಲ್ಲ. ಒಂಬತ್ತು ವರ್ಷದವನಿಗೆ ಸ್ವಲ್ಪ ಬೇರೆ ಥರ ಮಾಡುತ್ತಾರೆ, ಅಂಕದ ಪಟ್ಟಿ, ಬಹುಮಾನ ಎಲ್ಲ ಬರುತ್ತದೆ. ತಿರುಳು ಅದೇ.

ಮಾತ್ರೆಯ ವಿಷಯವೂ ಹೇಳಿಬಿಡುತ್ತೇನೆ. ಒಡಿಡಿಗೆಂದೇ ಇರುವ ಔಷಧ ಇಲ್ಲ. ಎಡಿಎಚ್‌ಡಿ ಜೊತೆಗಿದ್ದರೆ ಅದಕ್ಕೆ ಕೊಡುವ ಮಿಥೈಲ್‌ಫೆನಿಡೇಟ್‌ನಂಥ ಔಷಧದಿಂದ ಎದುರು ಬೀಳುವುದೂ ಎಷ್ಟೋ ಸಲ ಕಡಿಮೆಯಾಗುತ್ತದೆ. ತೀರಾ ಹೊಡೆದಾಟ ಇದ್ದಾಗ ಸ್ವಲ್ಪ ಕಾಲ ರಿಸ್ಪೆರಿಡೋನ್ ಅನ್ನುವ ಔಷಧ ಕೊಡುವುದುಂಟು, ಅದರಿಂದ ತೂಕ ಏರುತ್ತದೆ, ವೈದ್ಯರ ಕಣ್ಣಿನಲ್ಲೇ ಇರಬೇಕು. ನಿಮ್ಮ ವೈದ್ಯರು ಮೊದಲ ದಿನವೇ ಮಾತ್ರೆ ಬರೆಯಲಿಲ್ಲ ಅಂದರೆ ಅವರ ಮೇಲೆ ನನಗೆ ನಂಬಿಕೆ ಬರುತ್ತದೆ.

ಹಾವೇರಿ ಹೈಸ್ಕೂಲ್ ಮೇಷ್ಟ್ರು

ನನ್ನ ಕ್ಲಾಸಿನಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳು. ಅದರಲ್ಲಿ ಒಬ್ಬ ಎದ್ದು ನಿಂತು 'ಬರೆಯಲ್ಲ, ಏನ್ ಮಾಡ್ಕೊಂತೀರಿ' ಅಂದರೆ ಏನು ಮಾಡಬೇಕು? ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಬಂದ ಮೇಲೆ ಹೊಡೆಯುವ ಹಾಗಿಲ್ಲ, ಸರಿ, ಹೊಡೆಯಬೇಕು ಅಂತ ನನಗೂ ಇಲ್ಲ. ಆದರೆ ಉಳಿದವರೆಲ್ಲ ನನ್ನ ಮುಖ ನೋಡುತ್ತಿರುತ್ತಾರೆ. ಮನೆಯವರಿಗೆ ಹೇಳುವ ಐದು ನಿಮಿಷದ ಆಟ ನನಗೆ ಆಗದ ಮಾತು.

ಬಳ್ಳಾರಿ ಬಿಸಿಲು

ಮೇಷ್ಟ್ರೇ, ಆ ಹುಡುಗ ನಾನೇ. ಈಗ ಇಪ್ಪತ್ತೆರಡು ವರ್ಷ, ಕೆಲಸದಲ್ಲಿದ್ದೇನೆ.

ನನಗೆ ಓದಲಿಕ್ಕೆ ಬರುತ್ತಿರಲಿಲ್ಲ. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಿದ್ದೆ, ಪುಸ್ತಕ ಕೊಟ್ಟರೆ ಒತ್ತಕ್ಷರ ಬಂದ ಕಡೆಯೆಲ್ಲ ಎಡವುತ್ತಿದ್ದೆ. ಆರನೇ ಕ್ಲಾಸಲ್ಲಿ ಎದ್ದು ನಿಂತು ಪಾಠ ಓದು ಅಂದಾಗ ಹುಡುಗಿಯರು ನಕ್ಕರು. ಆಮೇಲೆ ಓದು ಅಂದಾಗಲೆಲ್ಲ ಬೆಂಚು ಒದೆಯುತ್ತಿದ್ದೆ. ಹೊರಗೆ ನಿಲ್ಲಿಸುತ್ತಿದ್ದರು. ನನಗೆ ಬೇಕಾದದ್ದೂ ಅದೇ. ಪೆದ್ದ ಅನ್ನಿಸಿಕೊಳ್ಳುವುದಕ್ಕಿಂತ ಪುಂಡ ಅನ್ನಿಸಿಕೊಳ್ಳುವುದು ವಾಸಿ ಅಲ್ವಾ?

ಹೊಸ ಕನ್ನಡ ಟೀಚರ್ ಬಂದ ಮೇಲೆ ಅವರು ನನ್ನನ್ನು ಕ್ಲಾಸಿನಲ್ಲಿ ಓದು ಅನ್ನಲೇ ಇಲ್ಲ. ಸ್ಟಾಫ್ ರೂಮಿಗೆ ಕರೆದು ಒಂದು ಪ್ಯಾರಾ ಓದಿಸಿದರು, ನೋಟ್ಸ್ ನೋಡಿದರು, ಅಪ್ಪನಿಗೆ ಹೇಳಿ ಪರೀಕ್ಷೆ ಮಾಡಿಸಿದರು. ಕಲಿಕಾ ನ್ಯೂನತೆ ಅಂತ ಗೊತ್ತಾಯಿತು. ಎಸ್‌ಎಸ್‌ಎಲ್‌ಸಿಯಲ್ಲಿ ಜಾಸ್ತಿ ಸಮಯ ಸಿಕ್ಕಿತು, ಪಾಸಾದೆ. ಬೆಂಚು ಒದೆಯುವುದು ಯಾವಾಗ ನಿಂತಿತು ಅಂತ ನನಗೇ ನೆನಪಿಲ್ಲ.

ಸಾಧನಕೇರಿ

ಬಳ್ಳಾರಿಯವರಿಗೆ ನಮಸ್ಕಾರ. ನಾನು ಎರಡು ಪುಟ ಬರೆದರೂ ಇಷ್ಟು ಚೆನ್ನಾಗಿ ಹೇಳಲಾರೆ.

ಒಡಿಡಿ ಅಂತ ಕಂಡಾಗ ನಾವು ಮೊದಲು ಹುಡುಕುವುದು ಇದನ್ನೇ. ಓದು ಬರಹದ ತೊಂದರೆ ಇದೆಯಾ? ಕಿವಿ ಸರಿಯಾಗಿ ಕೇಳಿಸುತ್ತದಾ? ರಾತ್ರಿ ನಿದ್ದೆ ಆಗುತ್ತದಾ? ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರಾ? ಮನೆಯಲ್ಲಿ ಕುಡಿತ, ಹೊಡೆದಾಟ? ಆತಂಕ ಇರುವ ಮಗು ಹೆದರಿಕೆಗೆ ಶಾಲೆಗೆ ಹೋಗಲ್ಲ ಅನ್ನುತ್ತದೆ, ನಮಗೆ ಅದು ಹಟದ ಹಾಗೆ ಕಾಣುತ್ತದೆ. ಆಟಿಸಂ ಇರುವ ಮಗು ದಿನಚರಿ ತಪ್ಪಿದಾಗ ಕೂಗಾಡುತ್ತದೆ, ಅದೂ ಹಟದ ಹಾಗೆ ಕಾಣುತ್ತದೆ. ಒಡಿಡಿ ಅಂತ ಒಂದು ಚೀಟಿ ಅಂಟಿಸಿ ಕಳಿಸಿದರೆ ಕೆಳಗಿರುವುದು ಹಾಗೇ ಉಳಿಯುತ್ತದೆ.

ಮೇಷ್ಟ್ರೇ, ನಿಮ್ಮ ಕಷ್ಟ ನಿಜ. ಕ್ಲಾಸಿನ ಎದುರಿಗೆ ಆ ಹುಡುಗನ ಜೊತೆ ವಾದಕ್ಕೆ ಇಳಿಯಬೇಡಿ. ಅಷ್ಟು ಜನರ ಮುಂದೆ ಅವನು ಸೋಲಲಾರ, ನೀವೂ ಸೋಲಲಾರಿರಿ. 'ಆಮೇಲೆ ಮಾತಾಡೋಣ' ಅಂತ ತಣ್ಣಗೆ ಹೇಳಿ ಪಾಠ ಮುಂದುವರಿಸಿ. ಬೆಲ್ ಆದ ಮೇಲೆ ಅವನೊಬ್ಬನನ್ನೇ ಕರೆಯಿರಿ. ಆಯ್ಕೆ ಕೊಟ್ಟರೆ ಎಷ್ಟೋ ಸಲ ಕೆಲಸ ಆಗುತ್ತದೆ: ಮೊದಲು ಲೆಕ್ಕ ಮಾಡ್ತೀಯೋ, ಚಿತ್ರ ಬರೀತೀಯೋ? ಇನ್ನೊಂದು ಉಪಾಯ, ದಿನದ ಚೀಟಿ. 'ಪುಸ್ತಕ ತೆಗೆದ', 'ಕೂತ ಜಾಗದಲ್ಲಿ ಇದ್ದ' ಅಂತ ಎರಡೇ ಗುರಿ, ಪಿರಿಯಡ್ ಕೊನೆಗೆ ನಿಮ್ಮ ಸಹಿ, ಬಹುಮಾನ ಮನೆಯಲ್ಲಿ. ಅರ್ಧ ನಿಮಿಷದ ಕೆಲಸ. ದೂರು ಹೇಳಲಿಕ್ಕೆ ಮಾತ್ರ ಫೋನ್ ಮಾಡುವ ಶಾಲೆಯಿಂದ ಒಳ್ಳೆಯ ಸುದ್ದಿಯೂ ಬಂದರೆ ಮನೆಯವರು ನಿಮ್ಮ ಕಡೆ ಆಗುತ್ತಾರೆ.

ನ್ಯೂಜೆರ್ಸಿ ಕನ್ನಡತಿ

ಒಂದು ಮಾತು ಸೇರಿಸಲಾ? ಇಲ್ಲಿ ಅಮೆರಿಕದಲ್ಲಿ ಈ ಹೆಸರಿನ ಬಗ್ಗೆಯೇ ತಕರಾರಿದೆ. ಕಪ್ಪು ಮಕ್ಕಳಿಗೆ ಒಡಿಡಿ, ಕಂಡಕ್ಟ್ ಡಿಸಾರ್ಡರ್ ಅನ್ನುವುದು ಜಾಸ್ತಿ, ಬಿಳಿ ಮಕ್ಕಳಿಗೆ ಎಡಿಎಚ್‌ಡಿ ಅನ್ನುವುದು ಜಾಸ್ತಿ ಅಂತ ಇಲ್ಲಿನ ಸಂಶೋಧನೆಗಳೇ ಹೇಳುತ್ತವೆ. ಒಬ್ಬನಿಗೆ ಚಿಕಿತ್ಸೆ, ಇನ್ನೊಬ್ಬನಿಗೆ ಶಿಕ್ಷೆ. ಊರಲ್ಲೂ ಯಾವ ಮಗು 'ಚೂಟಿ', ಯಾವ ಮಗು 'ಪುಂಡ' ಅನ್ನುವುದು ಮನೆತನ ನೋಡಿ ನಿರ್ಧಾರ ಆಗುವುದಿಲ್ಲವಾ?

ಸಾಧನಕೇರಿ

ಆಗುತ್ತದೆ. ವಾದ ಮಾಡುವುದಿಲ್ಲ, ನೀವು ಹೇಳಿದ್ದು ಸರಿ.

ತುಮಕೂರಿನ ತಾಯಿ

ನನ್ನದು ಬೇರೆ ಥರ. ಮಗಳಿಗೆ ಹದಿನೈದು, ಎಸ್‌ಎಸ್‌ಎಲ್‌ಸಿ. ಹೋದ ವರ್ಷದವರೆಗೆ ತುಂಬಾ ಒಳ್ಳೆಯ ಹುಡುಗಿ. ಈಗ ಏನು ಕೇಳಿದರೂ ಸಿಡುಕು. ಊಟಕ್ಕೆ ಕರೆದರೆ 'ನನ್ನನ್ನ ಬಿಟ್ಟುಬಿಡಿ' ಅನ್ನುತ್ತಾಳೆ. ರಾತ್ರಿ ಎರಡರವರೆಗೆ ಫೋನು, ಬೆಳಗ್ಗೆ ಏಳುವುದಿಲ್ಲ. ಸ್ನೇಹಿತೆಯರ ಮನೆಗೂ ಹೋಗುತ್ತಿಲ್ಲ. ಇದೂ ಒಡಿಡಿಯಾ?

ಸಾಧನಕೇರಿ

ಅಕ್ಕ, ಒಡಿಡಿ ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಶುರುವಾಗುತ್ತದೆ. ಹದಿನಾಲ್ಕರವರೆಗೆ ಚೆನ್ನಾಗಿದ್ದು ಒಮ್ಮೆಲೇ ಬದಲಾದರೆ ನಾನು ಮೊದಲು ಖಿನ್ನತೆ ಇದೆಯಾ ಅಂತ ನೋಡುತ್ತೇನೆ. ಈ ವಯಸ್ಸಿನಲ್ಲಿ ಖಿನ್ನತೆ ಅಳುವಿನ ಬದಲು ಸಿಡುಕಾಗಿ ಕಾಣುವುದು ಸಾಮಾನ್ಯ. ಸ್ನೇಹಿತೆಯರನ್ನೂ ಬಿಟ್ಟಿದ್ದಾಳೆ, ನಿದ್ದೆ ಕೆಟ್ಟಿದೆ ಅಂತೀರಿ. ಕಾಯಬೇಡಿ, ಈ ವಾರವೇ ತೋರಿಸಿ. 'ಸತ್ತು ಹೋಗ್ತೀನಿ' ಅನ್ನುವ ಮಾತು ಬಂದರೆ, ಕೈಯಲ್ಲಿ ಗೀರಿಕೊಂಡ ಗುರುತು ಕಂಡರೆ ಅದನ್ನು ನಾಟಕ ಅನ್ನಬೇಡಿ, ಅವತ್ತೇ ಕರೆದುಕೊಂಡು ಹೋಗಿ. ನೀವೇ ಕೇಳಿದರೂ ತಪ್ಪಿಲ್ಲ. ಕೇಳಿದ್ದರಿಂದ ಮಕ್ಕಳಿಗೆ ಆ ಯೋಚನೆ ಹೊಸದಾಗಿ ಬರುವುದಿಲ್ಲ.

ಫೋನಿನ ವಿಷಯಕ್ಕೆ ಹದಿಹರೆಯದವರ ಹತ್ತಿರ ಟಿವಿ ಆಫ್ ಮಾಡಿಸಿದ ಹಾಗೆ ನಡೆಯುವುದಿಲ್ಲ. ಅಮೆರಿಕದ ರಾಸ್ ಗ್ರೀನ್ ಅನ್ನುವ ಮನಶ್ಶಾಸ್ತ್ರಜ್ಞರ ವಿಧಾನ ನನಗೆ ಇಲ್ಲಿ ಉಪಯೋಗಕ್ಕೆ ಬಂದಿದೆ. ಜಗಳದ ಹೊತ್ತಲ್ಲಿ ಅಲ್ಲ, ಮನಸ್ಸು ತಿಳಿಯಾಗಿರುವಾಗ ಶುರು ಮಾಡಬೇಕು. ಮೊದಲು ಅವಳದನ್ನು ಕೇಳಿ: 'ರಾತ್ರಿ ಫೋನ್ ಇಡೋದು ಕಷ್ಟ ಆಗ್ತಿದೆ ಅನ್ಸುತ್ತೆ, ಏನು ವಿಷಯ?' ಆಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಇದೇ ಕಷ್ಟ. ಅವಳು ಹೇಳಿದ ಮೇಲೆ ನಿಮ್ಮ ಚಿಂತೆ ಹೇಳಿ. ಆಮೇಲೆ ಇಬ್ಬರಿಗೂ ಒಪ್ಪುವ ದಾರಿ ಹುಡುಕಿ. ಗ್ರೀನ್ ಅವರ ನಂಬಿಕೆ ಏನೆಂದರೆ, ಚೆನ್ನಾಗಿ ನಡೆದುಕೊಳ್ಳಲು ಆಗುವ ಮಗು ಚೆನ್ನಾಗೇ ನಡೆದುಕೊಳ್ಳುತ್ತದೆ, ಆಗುತ್ತಿಲ್ಲ ಅಂದರೆ ಏನೋ ಅಡ್ಡಿ ಇದೆ.

ಶಿವಮೊಗ್ಗದ ಅಪ್ಪ

ಎಲ್ಲಿ ತೋರಿಸಬೇಕು ಅಂತ ಕೇಳುವವರಿಗೆ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ ಬೇರೆಯೇ ವಿಭಾಗ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಯೋಜನೆಯೂ ಇದೆ, ನಿಮ್ಮೂರಲ್ಲಿ ನಡೆಯುತ್ತಿದೆಯಾ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ. ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅಂದರೆ ಟೆಲಿ ಮಾನಸ್ ಸಹಾಯವಾಣಿ, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದುಡ್ಡಿಲ್ಲ, ದಿನದ ಎಲ್ಲ ಹೊತ್ತೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಕುವೆಂಪುನಗರದ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಯಜಮಾನರಿಗೆ ಓದಿ ಹೇಳಿದೆ. ಐದು ನಿಮಿಷದ ಆಟ ಬೇಕಾದರೆ ಮಾಡುತ್ತೇನೆ, ಆದರೆ ಕ್ಲಾಸಿಗೆ ಬಂದು ಕೂರಲ್ಲ ಅಂದರು. ಸದ್ಯಕ್ಕೆ ಅಷ್ಟಾಯಿತು.

ಇವತ್ತು ಹೊಸ ತಲೆನೋವು. ಶಾಲೆಯವರು ಕರೆದು, 'ಉಳಿದ ಪೋಷಕರು ದೂರು ಕೊಡುತ್ತಿದ್ದಾರೆ, ಮುಂದಿನ ವರ್ಷಕ್ಕೆ ನೀವೇ ಟಿಸಿ ತಗೊಂಡುಬಿಡಿ' ಅಂದರು. ಹಾಗೆ ಹೇಳಬಹುದಾ?

ಹಾವೇರಿ ಹೈಸ್ಕೂಲ್ ಮೇಷ್ಟ್ರು

ಹೇಳುವ ಹಾಗಿಲ್ಲ ಮೇಡಂ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಅದಕ್ಕೇ 'ನೀವೇ ತಗೊಳ್ಳಿ' ಅನ್ನುತ್ತಿದ್ದಾರೆ. ನೀವಾಗಿ ಟಿಸಿಗೆ ಅರ್ಜಿ ಕೊಟ್ಟರೆ ಅವರ ಮೇಲೆ ತಪ್ಪು ಬರುವುದಿಲ್ಲ. ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಅವರು ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ, ಎಷ್ಟೋ ಶಾಲೆಗಳು ಅಲ್ಲಿಗೇ ಸುಮ್ಮನಾಗುತ್ತವೆ. ಆಗಲೂ ಒತ್ತಾಯ ಮಾಡಿದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಅರ್ಜಿ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಜಗಳ ಮಾಡಲಿಕ್ಕೆ ಅಂತ ಹೋಗಬೇಡಿ. ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಂಡು, ಚಿಕಿತ್ಸೆ ಶುರುವಾಗಿದೆ, ಕ್ಲಾಸ್ ಟೀಚರ್ ಇಷ್ಟಿಷ್ಟು ಸಹಾಯ ಮಾಡಬೇಕು ಅಂತ ಅದರಲ್ಲಿರಲಿ. ಸಾಧನಕೇರಿ ಮೇಡಂ ಹೇಳಿದ ಆ ದಿನದ ಚೀಟಿಯನ್ನು ನೀವೇ ಪ್ರಿಂಟ್ ಹಾಕಿಸಿ ಜೊತೆಗೆ ತಗೊಂಡು ಹೋಗಿ. ಸಹಿ ಮಾಡುವುದಷ್ಟೇ ಕೆಲಸ 

ಅಂತ ಗೊತ್ತಾದರೆ ಟೀಚರ್ ಒಪ್ಪುತ್ತಾರೆ. ನಾನೂ ಸೋಮವಾರದಿಂದ ನನ್ನ ಕ್ಲಾಸಲ್ಲಿ ಒಬ್ಬನಿಗೆ ಶುರು ಮಾಡುತ್ತಿದ್ದೇನೆ.